ಟೆಕ್ಸಸ್‌ನಲ್ಲಿ ಬರೆಯಲಾಗದ ಚೀಟಿ ಸಿಯಾಟಲ್‌ನಲ್ಲಿ ಹೇಗೆ ನಡೆಯುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದವಳು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಬರೆದು, ಆರು ವರ್ಷದಿಂದ ಟೆಕ್ಸಸ್‌ನ ಡಲ್ಲಾಸ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಆರ್‌ಎನ್ (ನೋಂದಾಯಿತ ನರ್ಸ್) ಆಗಿದ್ದೇನೆ. ಈ ಡಿಸೆಂಬರ್‌ಗೆ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಓದು, ಅಂದರೆ ಕಾಯಿಲೆ ಗುರುತಿಸಿ ಔಷಧಿ ಬರೆಯಲು ಕಲಿಸುವ ಮೇಲಿನ ನರ್ಸಿಂಗ್ ಓದು, ಮುಗಿಯುತ್ತದೆ. ಇಲ್ಲಿನ ಒಂದು ಕ್ಲಿನಿಕ್ ಈಗಾಗಲೇ ಕೆಲಸ ಕೊಡುತ್ತೇವೆ ಅಂದಿದೆ. ಆದರೆ ಡಾಕ್ಟರ್ ಜೊತೆ ಅಗ್ರಿಮೆಂಟ್ ಇಲ್ಲದೆ ಒಂದು ಮಾತ್ರೆಯನ್ನೂ ಬರೆಯುವ ಹಾಗಿಲ್ಲವಂತೆ. ಸಿಯಾಟಲ್‌ನಲ್ಲಿರುವ ನನ್ನ ಗೆಳತಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದಾಳೆ, ಅವಳಿಗೆ ಯಾರ ಸಹಿಯೂ ಬೇಕಿಲ್ಲ. ನಮ್ಮಿಬ್ಬರದೂ ಒಂದೇ ಓದು, ಒಂದೇ ಪರೀಕ್ಷೆ. ಹೀಗೇಕೆ? ಅಗ್ರಿಮೆಂಟ್‌ಗೆ ಸಹಿ ಹಾಕುವ ಮುಂಚೆ ಏನು ನೋಡಬೇಕು? ನಮ್ಮ ಯಜಮಾನರಿಗೂ ಸಿಯಾಟಲ್‌ನಲ್ಲಿ ಕೆಲಸ ಸಿಗುವ ಹಾಗಿದೆ. ಅಲ್ಲಿಗೆ ಹೋದ ಮೇಲೆ ಟೆಕ್ಸಸ್‌ನ ರೋಗಿಗಳನ್ನು ವಿಡಿಯೋದಲ್ಲಿ ನೋಡಬಹುದಾ? ಇನ್ನೊಂದು, ಊರಿಗೆ ಬಂದಾಗ ಅಮ್ಮನಿಗೆ ನಾನೇ ಔಷಧಿ ಬರೆದುಕೊಡಬಹುದಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ನಿಜ. ಡಲ್ಲಾಸ್‌ನ ಕ್ಲಿನಿಕ್‌ನವರು ಹೇಳಿದ್ದೂ ನಿಜ. ನಾನೂ ನರ್ಸ್ ಪ್ರಾಕ್ಟೀಷನರ್ (ಎನ್‌ಪಿ), ನಾಲ್ಕು ವರ್ಷ ಟೆಕ್ಸಸ್‌ನಲ್ಲಿ ಕೆಲಸ ಮಾಡಿ ಈಗ ಅರಿಜೋನಾದಲ್ಲಿದ್ದೇನೆ. ಎರಡೂ ಥರದ ಕಾನೂನಿನ ಕೆಳಗೆ ಚೀಟಿ ಬರೆದಿದ್ದೇನೆ. ಗಡಿ ದಾಟಿದ ದಿನ ನನ್ನ ತಲೆಯೊಳಗಿನ ವಿದ್ಯೆ ಏನೂ ಬದಲಾಗಿರಲಿಲ್ಲ, ನನ್ನ ಸಹಿಯ ಬೆಲೆ ಮಾತ್ರ ಬದಲಾಯಿತು. ಇದು ಯಾಕೆ ಹೀಗೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಆಗ ಅಗ್ರಿಮೆಂಟ್‌ನಲ್ಲಿ ಏನು ಹುಡುಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಕೈಗೆ ಬರುವ ಸರ್ಟಿಫಿಕೇಟ್ ಇಡೀ ದೇಶಕ್ಕೆ ಒಂದೇ. ಆದರೆ ಲೈಸೆನ್ಸ್ ಕೊಡುವುದು ರಾಜ್ಯ. ಅಮೆರಿಕದಲ್ಲಿ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಯಾರ ಕೆಲಸ ಎಲ್ಲಿಂದ ಎಲ್ಲಿಯವರೆಗೆ ಅಂತ ಗೆರೆ ಎಳೆಯುವ ಹಕ್ಕು ಮೊದಲಿನಿಂದಲೂ ರಾಜ್ಯಗಳದು. 1889ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ವೆಸ್ಟ್ ವರ್ಜೀನಿಯಾದ ಒಂದು ಕೇಸಿನಲ್ಲಿ ಇದನ್ನು ಒಪ್ಪಿಕೊಂಡಿತ್ತು. ಮೊದಲು ಬಂದದ್ದು ಡಾಕ್ಟರುಗಳ ಕಾನೂನು. ಕಾಯಿಲೆ ಗುರುತಿಸುವುದು, ಔಷಧಿ ಕೊಡುವುದು ಎಲ್ಲವನ್ನೂ ಆ ಕಾನೂನುಗಳು ಡಾಕ್ಟರ್ ಕೆಲಸ ಅಂತ ಬರೆದಿಟ್ಟವು. ಆಮೇಲೆ ಬಂದ ನಮ್ಮಂಥವರು ಒಂದೊಂದು ರಾಜ್ಯದಲ್ಲೂ ಬಾಗಿಲು ತಟ್ಟಿ ಜಾಗ ಕೇಳಬೇಕಾಯಿತು.

ನರ್ಸ್ ಪ್ರಾಕ್ಟೀಷನರ್ ಅನ್ನುವ ಕೆಲಸ ಹುಟ್ಟಿದ್ದೇ 1965ರಲ್ಲಿ, ಕೊಲರಾಡೋ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದರು. ಹಳ್ಳಿಗಾಡಿನ ಮಕ್ಕಳಿಗೆ ಡಾಕ್ಟರ್ ಸಿಗುತ್ತಿರಲಿಲ್ಲ, ಅದೇ ಕಾರಣ. ಫೋರ್ಡ್ ಅವರು 2025ರ ಜನವರಿಯಲ್ಲಿ 104ನೇ ವಯಸ್ಸಿನಲ್ಲಿ ತೀರಿಕೊಂಡರು. ತಾವು ನೆಟ್ಟ ಗಿಡ ಐವತ್ತು ರಾಜ್ಯಗಳಲ್ಲಿ ಐವತ್ತು ಥರ ಬೆಳೆದದ್ದನ್ನು ಅವರು ಕಣ್ಣಾರೆ ಕಂಡರು.

ನನಗೆ ಇಷ್ಟವಾದ ಒಂದು ಕೇಸ್ ಹೇಳಿಬಿಡುತ್ತೇನೆ. ಮಿಸೌರಿ ರಾಜ್ಯದಲ್ಲಿ ಕುಟುಂಬ ಯೋಜನೆ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುತ್ತಿದ್ದ ನರ್ಸ್‌ಗಳು ಡಾಕ್ಟರುಗಳು ಬರೆದುಕೊಟ್ಟ ಪ್ರೋಟೋಕಾಲ್ (ಹೀಗೆ ಹೀಗೆ ಮಾಡಿ ಅನ್ನುವ ಲಿಖಿತ ಸೂಚನೆ) ಹಿಡಿದು ಹೆಂಗಸರನ್ನು ಪರೀಕ್ಷಿಸಿ, ಗರ್ಭನಿರೋಧಕ ಮಾತ್ರೆ ಕೊಡುತ್ತಿದ್ದರು. ನೀವು ಲೈಸೆನ್ಸ್ ಇಲ್ಲದೆ ಡಾಕ್ಟರಿಕೆ ಮಾಡುತ್ತಿದ್ದೀರಿ ಅಂತ ವೈದ್ಯರ ಬೋರ್ಡ್ ಕ್ರಮಕ್ಕೆ ಮುಂದಾಯಿತು. ಕೇಸು ರಾಜ್ಯದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1983ರಲ್ಲಿ ತೀರ್ಪು ಬಂತು. ಇದು ನರ್ಸಿಂಗ್ ಕಾನೂನಿನ ಒಳಗಿನ ಕೆಲಸವೇ, ಡಾಕ್ಟರಿಕೆಯಲ್ಲ ಅಂದಿತು ಕೋರ್ಟ್. ಅಂಥ ತೀರ್ಪು ಕೊಟ್ಟ ಮಿಸೌರಿಯಲ್ಲಿ ನಲವತ್ತು ವರ್ಷದ ಮೇಲೂ ಡಾಕ್ಟರ್ ಜೊತೆಗಿನ ಒಪ್ಪಂದದ ನಿಯಮ ಬಿಗಿಯಾಗಿಯೇ ಇದೆ. ಒಂದು ತೀರ್ಪು ಬಂದ ಮಾತ್ರಕ್ಕೆ ದಾರಿ ಸಲೀಸಾಗುವುದಿಲ್ಲ. ಶಾಸನಸಭೆಯಲ್ಲಿ ಸಾಲುಸಾಲಾಗಿ ಕಾನೂನು ತಿದ್ದಬೇಕು.

ಈಗ ನಿಮ್ಮ ವಿಷಯ. ರಾಜ್ಯಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡುತ್ತಾರೆ. ಪೂರ್ಣ ಅಧಿಕಾರ ಕೊಟ್ಟವು, ಅಲ್ಪಸ್ವಲ್ಪ ಹಿಡಿದಿಟ್ಟವು, ಜಾಸ್ತಿ ಬಿಗಿ ಇರುವವು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಮೊದಲ ಗುಂಪಿನಲ್ಲಿವೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ, ಅರಿಜೋನಾ, ಆರೆಗಾನ್, ನ್ಯೂ ಮೆಕ್ಸಿಕೋ ಹಳಬರು. ಮ್ಯಾಸಚೂಸೆಟ್ಸ್ 2021ರಲ್ಲಿ, ಕಾನ್ಸಾಸ್ 2022ರಲ್ಲಿ ಸೇರಿಕೊಂಡವು. ಟೆಕ್ಸಸ್, ಜಾರ್ಜಿಯಾ, ನಾರ್ತ್ ಕೆರೊಲಿನಾ ಬಿಗಿ ಗುಂಪಿನವು. ಈ ಬಣ್ಣ ಹಚ್ಚಿದ ಭೂಪಟ ಎಲ್ಲ ಕಡೆ ಸಿಗುತ್ತದೆ. ಆದರೆ ಅದನ್ನು ನೋಡಿ ಕೆಲಸ ಒಪ್ಪಿಕೊಳ್ಳಬೇಡಿ. ಒಂದೇ ಬಣ್ಣದ ಎರಡು ರಾಜ್ಯಗಳಲ್ಲೂ ಒಳಗಿನ ನಿಯಮ ಬೇರೆ ಬೇರೆ.

ನಾನು ಯಾವ ರಾಜ್ಯದ ಕಾನೂನು ಓದಿದರೂ ಮೊದಲು ಹುಡುಕುವುದು ಮೂರೇ ವಿಷಯ. ಬರೆಯುವ ಅಧಿಕಾರ ನನ್ನದಾ, ಡಾಕ್ಟರ್ ನನಗೆ ವಹಿಸಿಕೊಟ್ಟದ್ದಾ? ಯಾವ ಔಷಧಿ, ಎಷ್ಟು ದಿನಕ್ಕೆ? ಹೊಸಬರು ಇಷ್ಟು ಗಂಟೆ ಯಾರದಾದರೂ ಕೈಕೆಳಗೆ ಕೆಲಸ ಮಾಡಬೇಕು ಅಂತ ಇದೆಯಾ?

ಮೊದಲನೆಯದನ್ನೇ ಹಿಡಿಯೋಣ. ಟೆಕ್ಸಸ್‌ನಲ್ಲಿ ಅಧಿಕಾರ ಡಾಕ್ಟರದು. ಅವರು ಅದನ್ನು ನಿಮಗೆ ವಹಿಸಿಕೊಡುತ್ತಾರೆ. ಬೋರ್ಡ್ ಆಫ್ ನರ್ಸಿಂಗ್ ನಿಮಗೊಂದು ನಂಬರ್ ಕೊಡುತ್ತದೆ ನಿಜ. ಆದರೆ ಆ ನಂಬರ್ ಒಂದೇ ಸಾಲದು, ಡಾಕ್ಟರ್ ಜೊತೆ ಲಿಖಿತ ಅಗ್ರಿಮೆಂಟ್ ಇದ್ದರೆ ಮಾತ್ರ ಅದಕ್ಕೆ ಜೀವ. 2013ರ ಕಾನೂನಿನಿಂದ ಈ ಅಗ್ರಿಮೆಂಟ್ ಈಗಿನ ರೂಪಕ್ಕೆ ಬಂತು. ಒಬ್ಬ ಡಾಕ್ಟರ್ ಪೂರ್ಣಾವಧಿ ಲೆಕ್ಕದಲ್ಲಿ ಏಳು ಜನರಿಗೆ ಮಾತ್ರ ಹೀಗೆ ವಹಿಸಿಕೊಡಬಹುದು. ಆ ಏಳರಲ್ಲಿ ಫಿಸಿಷಿಯನ್ ಅಸಿಸ್ಟೆಂಟ್‌ಗಳೂ (ಡಾಕ್ಟರ್ ಜೊತೆ ಚಿಕಿತ್ಸೆ ಕೊಡಲು ತರಬೇತಿ ಪಡೆದ ಸಹಾಯಕರು) ಸೇರುತ್ತಾರೆ. ಆಸ್ಪತ್ರೆಯ ಒಳಗಿನ ಕೆಲಸಕ್ಕೆ ಮತ್ತು ವೈದ್ಯರ ಕೊರತೆ ಇರುವ ಜನರಿಗೆ ಸೇವೆ ಕೊಡುವ ಜಾಗಗಳಿಗೆ ಈ ಏಳರ ಮಿತಿ ಇಲ್ಲ. ತಿಂಗಳಿಗೊಮ್ಮೆ ಇಬ್ಬರೂ ಮಾತಾಡಬೇಕು. ಮೊದಲು ಮುಖಾಮುಖಿ ಭೇಟಿಯೇ ಆಗಬೇಕಿತ್ತು, 2019ರಲ್ಲಿ ಅದನ್ನು ಸಡಿಲಿಸಿದರು. ಈಗ ಫೋನೋ ವಿಡಿಯೋನೋ ನೀವಿಬ್ಬರೂ ಸೇರಿ ನಿರ್ಧರಿಸಬಹುದು. ನೀವು ನೋಡಿದ ರೋಗಿಗಳ ಚಾರ್ಟ್‌ಗಳಲ್ಲಿ ಕೆಲವನ್ನು ಡಾಕ್ಟರ್ ಓದಬೇಕು. ವರ್ಷಕ್ಕೊಮ್ಮೆ ಅಗ್ರಿಮೆಂಟ್ ನೋಡಿ ಮತ್ತೆ ಸಹಿ ಹಾಕಬೇಕು. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಅದರ ಪ್ರತಿ ಇಟ್ಟುಕೊಂಡಿರಬೇಕು.

ವಾಷಿಂಗ್ಟನ್‌ನಲ್ಲಿ ಇದ್ಯಾವುದೂ ಇಲ್ಲ. ಲೈಸೆನ್ಸ್ ಜೊತೆಗೆ ಬರೆಯುವ ಅಧಿಕಾರ ನಿಮ್ಮ ಹೆಸರಿನಲ್ಲೇ ಬರುತ್ತದೆ. ಮೊದಲು ಅಲ್ಲೂ ಚಟ ಹಿಡಿಸುವ ‘ಶೆಡ್ಯೂಲ್’ ಔಷಧಿಗಳಿಗೆ ಡಾಕ್ಟರ್ ಜೊತೆ ಒಪ್ಪಂದ ಬೇಕಿತ್ತು, 2005ರಲ್ಲಿ ಅದನ್ನೂ ತೆಗೆದುಹಾಕಿದರು. ನಿಮ್ಮ ಗೆಳತಿ ಸ್ವಂತ ಬೋರ್ಡ್ ಹಾಕಿಕೊಂಡು ಕೂತಿರುವುದು ಹಾಗೆ.

ಎರಡನೆಯದು ಔಷಧಿಗಳ ಪಟ್ಟಿ. ಹೊಸಬರು ಎಡವುವುದು ಜಾಸ್ತಿ ಇಲ್ಲೇ. ನಮ್ಮೂರಿನಲ್ಲಿ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಇದ್ದ ಹಾಗೆ ಅಮೆರಿಕದಲ್ಲಿ 1970ರ ಕೇಂದ್ರ ಕಾನೂನಿನ ಐದು ಶೆಡ್ಯೂಲ್‌ಗಳಿವೆ. ಚಟ ಹಿಡಿಸುವ ಔಷಧಿಗಳು ಮಾತ್ರ ಅದರಲ್ಲಿ ಬರುತ್ತವೆ. ಒಂದನೆಯದನ್ನು ಯಾರೂ ಬರೆಯುವ ಹಾಗಿಲ್ಲ. ಎರಡರಲ್ಲಿ ಮಾರ್ಫಿನ್, ಆಕ್ಸಿಕೋಡೋನ್, ಫೆಂಟನಿಲ್ ಇವೆ. ಮಕ್ಕಳ ಎಡಿಎಚ್‌ಡಿಗೆ (ಗಮನ ನಿಲ್ಲದ, ವಿಪರೀತ ಚಡಪಡಿಕೆಯ ತೊಂದರೆಗೆ) ಕೊಡುವ ಮಿಥೈಲ್‌ಫೆನಿಡೇಟ್, ಆಂಫೆಟಮಿನ್ ಕೂಡ ಅದರಲ್ಲೇ. ಹೈಡ್ರೋಕೋಡೋನ್ ಬೆರೆತ ಮಾತ್ರೆಗಳು 2014ರ ಅಕ್ಟೋಬರ್‌ವರೆಗೆ ಮೂರರಲ್ಲಿದ್ದವು, ಆಮೇಲೆ ಎರಡಕ್ಕೆ ಬಂದವು. ಅಲ್ಪ್ರಾಜೋಲಾಂ, ಟ್ರಮಡಾಲ್ ನಾಲ್ಕರಲ್ಲಿ. ಬಿಪಿ, ಶುಗರ್, ಥೈರಾಯ್ಡ್, ಆಂಟಿಬಯಾಟಿಕ್ ಯಾವುದೂ ಈ ಪಟ್ಟಿಯಲ್ಲಿ ಇಲ್ಲ. ಟೆಕ್ಸಸ್ ಕಾನೂನು ಇವನ್ನು ‘ಡೇಂಜರಸ್ ಡ್ರಗ್ಸ್’ ಅನ್ನುತ್ತದೆ. ಅಗ್ರಿಮೆಂಟ್‌ನಲ್ಲಿ ಆ ಹೆಸರು ನೋಡಿ ಗಾಬರಿಯಾಗಬೇಡಿ. ಚೀಟಿ ಇಲ್ಲದೆ ಕೊಡಬಾರದ ಮಾಮೂಲಿ ಔಷಧಿ ಅಂತ ಅಷ್ಟೇ ಅದರ ಅರ್ಥ. ಮೆಟ್‌ಫಾರ್ಮಿನ್ ಕೂಡ ಅದರಲ್ಲೇ ಬರುತ್ತದೆ.

ಟೆಕ್ಸಸ್‌ನಲ್ಲಿ ಶೆಡ್ಯೂಲ್ 3ರಿಂದ 5ರವರೆಗಿನವನ್ನು ರೀಫಿಲ್ (ಅದೇ ಚೀಟಿಗೆ ಮತ್ತೆ ಔಷಧಿ ಪಡೆಯುವುದು) ಸೇರಿಸಿ 90 ದಿನಕ್ಕೆ ಮಾತ್ರ ಬರೆಯಬಹುದು. ಅದರಾಚೆ ಮುಂದುವರಿಸಬೇಕಾದರೆ ಡಾಕ್ಟರ್ ಜೊತೆ ಮಾತಾಡಿ, ಮಾತಾಡಿದ್ದೇನೆ ಅಂತ ಚಾರ್ಟ್‌ನಲ್ಲಿ ಬರೆಯಬೇಕು. ರೋಗಿ ಎರಡು ವರ್ಷಕ್ಕಿಂತ ಚಿಕ್ಕ ಮಗುವಾದರೆ ಈ ಔಷಧಿಗಳಿಗೆ ಮೊದಲೇ ಕೇಳಬೇಕು. ಶೆಡ್ಯೂಲ್ 2 ಅಂತೂ ಹೊರಗಿನ ಕ್ಲಿನಿಕ್‌ನಲ್ಲಿ ಆಗುವುದೇ ಇಲ್ಲ. ಆಸ್ಪತ್ರೆಯಲ್ಲಿ 24 ಗಂಟೆ ಅಥವಾ ಜಾಸ್ತಿ ಇರಲು ದಾಖಲಾದವರಿಗೆ, ಎಮರ್ಜೆನ್ಸಿಯಲ್ಲಿ ಇರುವವರಿಗೆ, ಹಾಸ್ಪೀಸ್‌ನಲ್ಲಿ ಕೊನೆಯ ದಿನ ಎಣಿಸುತ್ತಿರುವವರಿಗೆ ಮಾತ್ರ.

ಇದರ ಅರ್ಥ ದಿನನಿತ್ಯದ ಕೆಲಸದಲ್ಲಿ ಹೇಗಿರುತ್ತದೆ ನೋಡಿ. ಎಂಟು ವರ್ಷದ ಹುಡುಗ. ಎಡಿಎಚ್‌ಡಿ. ನೀವೇ ಪರೀಕ್ಷೆ ಮಾಡಿದ್ದೀರಿ, ಟೀಚರ್ ಹತ್ತಿರ ಫಾರಂ ತುಂಬಿಸಿ ತರಿಸಿದ್ದೀರಿ, ತಾಯಿಯ ಜೊತೆ ಮುಕ್ಕಾಲು ಗಂಟೆ ಕೂತು ಮಾತಾಡಿದ್ದೀರಿ. ಡಲ್ಲಾಸ್‌ನ ಕ್ಲಿನಿಕ್‌ನಲ್ಲಿ ಕೊನೆಗೆ ನೀವು ಹೇಳಬೇಕಾಗುವುದು, ಡಾಕ್ಟರ್ ಬಂದು ಬರೆಯುತ್ತಾರೆ ಕಾಯಿರಿ ಅಂತ. ಅವರು ಆ ದಿನ ಬರದಿದ್ದರೆ ತಾಯಿ ಇನ್ನೊಂದು ದಿನ ಕೆಲಸಕ್ಕೆ ರಜೆ ಹಾಕಿ ಮಗುವನ್ನು ಮತ್ತೆ ಕರೆತರಬೇಕು. ಸಿಯಾಟಲ್‌ನಲ್ಲಾದರೆ ಅದೇ ಹುಡುಗನಿಗೆ ನೀವೇ ಚೀಟಿ ಕಳಿಸುತ್ತೀರಿ. ಫ್ಲೋರಿಡಾದ ಲೆಕ್ಕ ಮತ್ತೊಂದು ಥರ. ಅಲ್ಲಿ ಎನ್‌ಪಿಗಳಿಗೆ ಶೆಡ್ಯೂಲ್ ಔಷಧಿ ಬರೆಯುವ ಹಕ್ಕು ಸಿಕ್ಕಿದ್ದೇ 2017ರಲ್ಲಿ. ಶೆಡ್ಯೂಲ್ 2 ಏಳು ದಿನಕ್ಕೆ ಮಾತ್ರ. ಮನೋರೋಗದ ತರಬೇತಿ ಪಡೆದ ನರ್ಸ್‌ಗಳು ಬರೆಯುವ ಮಾನಸಿಕ ಕಾಯಿಲೆಯ ಔಷಧಿಗಳಿಗೆ ಆ ಮಿತಿ ಇಲ್ಲ. ಇಲಿನಾಯ್‌ನಲ್ಲಿ 4,000 ಗಂಟೆ ಅನುಭವ ಮತ್ತು 250 ಗಂಟೆ ತರಬೇತಿ ಮುಗಿಸಿದರೆ ಸ್ವತಂತ್ರರು. ಆದರೂ ಶೆಡ್ಯೂಲ್ 2ರ ನೋವಿನ ಔಷಧಿಗಳಿಗೆ ಮತ್ತು ಅಲ್ಪ್ರಾಜೋಲಾಂ ಥರದ ಬೆಂಜೋಡಯಾಜೆಪೈನ್‌ಗಳಿಗೆ ಒಬ್ಬ ಡಾಕ್ಟರ್ ಜೊತೆ ಸಮಾಲೋಚನೆ ಇಟ್ಟುಕೊಂಡೇ ಇರಬೇಕು.

ಮೂರನೆಯದು ಗಂಟೆಗಳು. ನ್ಯೂಯಾರ್ಕ್‌ನಲ್ಲಿ 3,600. ಫ್ಲೋರಿಡಾದಲ್ಲಿ ಕಳೆದ ಐದು ವರ್ಷದೊಳಗೆ 3,000, ಅದೂ ಪ್ರೈಮರಿ ಕೇರ್‌ಗೆ (ಮಾಮೂಲಿ ಕಾಯಿಲೆಗಳ ಮೊದಲ ಹಂತದ ಆರೈಕೆಗೆ) ಮಾತ್ರ. ಮಿನೆಸೋಟಾದಲ್ಲಿ 2,080. ಕ್ಯಾಲಿಫೋರ್ನಿಯಾ ಎರಡು ಮೆಟ್ಟಿಲು ಇಟ್ಟಿದೆ. ಮೂರು ವರ್ಷ ಅಥವಾ 4,600 ಗಂಟೆ ಮುಗಿಸಿದವರು, ಕನಿಷ್ಠ ಒಬ್ಬ ಡಾಕ್ಟರ್ ಇರುವ ಜಾಗದಲ್ಲಿ ಯಾರ ಪ್ರೋಟೋಕಾಲ್ ಇಲ್ಲದೆ ಕೆಲಸ ಮಾಡಬಹುದು. ಅಲ್ಲಿ ಇನ್ನೂ ಮೂರು ವರ್ಷ ಕಳೆದರೆ ಪೂರ್ತಿ ಸ್ವತಂತ್ರರು. 2023ರ ಜನವರಿಯಲ್ಲಿ ಇದು ಜಾರಿಗೆ ಬಂತು, ಹಾಗಾಗಿ ಎರಡನೇ ಮೆಟ್ಟಿಲಿಗೆ ಕಾಲಿಡುವ ಅವಕಾಶ ಶುರುವಾಗುವುದು 2026ರಿಂದ. ಕ್ಯಾಲಿಫೋರ್ನಿಯಾದ ಕಾನೂನಿನ ಭಾಷೆ ನನಗೆ ಯಾವಾಗಲೂ ವಿಚಿತ್ರ ಅನಿಸುತ್ತದೆ. ನಾವು ಔಷಧಿ ‘ಬರೆಯುತ್ತೇವೆ’ ಅಂತ ಅದು ನೇರವಾಗಿ ಹೇಳದೆ ‘ಒದಗಿಸುತ್ತೇವೆ’ ಅನ್ನುತ್ತಾ ಬಂದಿದೆ. ಅದಕ್ಕೇ ಅಲ್ಲಿನ ಎನ್‌ಪಿಗಳ ಹತ್ತಿರ ಇರುವುದು ಫರ್ನಿಷಿಂಗ್ ನಂಬರ್. ಒಂದು ಕ್ರಿಯಾಪದಕ್ಕೆ ಎಷ್ಟು ವರ್ಷ ಜಗಳ ನಡೆದಿರಬೇಕು ಯೋಚಿಸಿ.

ಈ ಗಂಟೆಗಳ ನಿಯಮವನ್ನು ಕೆಲವರು ಅವಮಾನ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಆರು ವರ್ಷ ಆರ್‌ಎನ್ ಆಗಿದ್ದ ನಿಮಗೆ ಔಷಧಿ ಕೊಡುವುದು ಹೊಸದಲ್ಲ. ಆದರೆ ಯಾವ ಔಷಧಿ ಅಂತ ತೀರ್ಮಾನ ಮಾಡಿ, ರಾತ್ರಿ ಮನೆಗೆ ಹೋಗಿ ಮಲಗುವುದು ಹೊಸದು. ಮೊದಲ ವರ್ಷ, ಕಿಡ್ನಿ ಸ್ವಲ್ಪ ಸೋತು ಕ್ರಿಯಾಟಿನಿನ್ 1.6 ಇರುವ ಅಜ್ಜಿಗೆ ಡೋಸ್ ಎಷ್ಟು ಇಡಲಿ ಅಂತ ಕೇಳಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ವಾಷಿಂಗ್ಟನ್ ಕಾನೂನು ಕೇಳದಿದ್ದರೂ ನೀವಾಗಿಯೇ ಅಂಥ ಜಾಗ ಹುಡುಕಿಕೊಳ್ಳಿ. ಓದು ಮುಗಿದ ತಿಂಗಳೇ ಒಬ್ಬರೇ ಕ್ಲಿನಿಕ್ ತೆರೆಯಬೇಡಿ. ನನ್ನ ತಕರಾರು ಇರುವುದು ಕೊನೆಯೇ ಇಲ್ಲದ ಮೇಲ್ವಿಚಾರಣೆಯ ಬಗ್ಗೆ. ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ನೋಡಿದ ಎನ್‌ಪಿಗೂ ಟೆಕ್ಸಸ್‌ನಲ್ಲಿ ಅದೇ ಅಗ್ರಿಮೆಂಟ್ ಬೇಕು. ಅಲ್ಲಿನ 254 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ) ಕೆಲವು ಕಡೆ ಒಬ್ಬ ಪ್ರೈಮರಿ ಕೇರ್ ಡಾಕ್ಟರೂ ಇಲ್ಲ. ಅಂಥ ಊರಿಗೆ ಹೋಗಲು ಎನ್‌ಪಿ ತಯಾರಿದ್ದರೂ, ಸಹಿ ಹಾಕುವ ಡಾಕ್ಟರನ್ನು ದೂರದ ಪಟ್ಟಣದಲ್ಲಿ ಹುಡುಕಬೇಕು.

ಡಾಕ್ಟರುಗಳ ಸಂಘಟನೆಗಳ ವಾದವನ್ನೂ ಕೇಳಿಸಿಕೊಳ್ಳಬೇಕು. ತಮ್ಮ ತರಬೇತಿಯ ಗಂಟೆಗಳಿಗೂ ನಮ್ಮದಕ್ಕೂ ಅಜಗಜಾಂತರ ಅನ್ನುತ್ತಾರೆ. ಗಂಟೆಗಳ ಲೆಕ್ಕ ಸುಳ್ಳಲ್ಲ. ಆದರೆ ಪ್ರೈಮರಿ ಕೇರ್‌ನಲ್ಲಿ ರೋಗಿಗೆ ಏನಾಯಿತು ಅಂತ ನೋಡಿದ ಅಧ್ಯಯನಗಳು ಬೇರೆ ಮಾತು ಹೇಳುತ್ತವೆ. ನ್ಯೂಯಾರ್ಕ್‌ನಲ್ಲಿ 1,316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎನ್‌ಪಿ ಮತ್ತು ಡಾಕ್ಟರುಗಳ ನಡುವೆ ಹಂಚಿ ನೋಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಎರಡೂ ಗುಂಪಿನ ಆರೋಗ್ಯ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಲ್ಲಿದ್ದ ಎನ್‌ಪಿಗಳಿಗೂ ಡಾಕ್ಟರುಗಳಷ್ಟೇ ಬರೆಯುವ ಅಧಿಕಾರ ಇತ್ತು ಅನ್ನುವುದನ್ನು ಮರೆಯಬಾರದು. 2010ರಲ್ಲಿ, ಆರೋಗ್ಯ ವಿಷಯದಲ್ಲಿ ದೇಶಕ್ಕೆ ಸಲಹೆ ಕೊಡುವ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೂಡ, ನರ್ಸ್‌ಗಳು ಕಲಿತಷ್ಟೂ ಕೆಲಸ ಮಾಡಲು ಬಿಡಿ ಅಂತ ಶಿಫಾರಸು ಮಾಡಿತು.

ಇನ್ನು ನಿಮ್ಮ ಮೇಜಿನ ಮೇಲಿರುವ ಅಗ್ರಿಮೆಂಟ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ.

ಟೆಕ್ಸಸ್‌ನ ನನ್ನ ಎರಡನೇ ಕೆಲಸದಲ್ಲಿ ಒಂದು ಸೋಮವಾರ ಬೆಳಗ್ಗೆ ಕ್ಲಿನಿಕ್‌ಗೆ ಹೋದಾಗ, ನನ್ನ ಅಗ್ರಿಮೆಂಟ್‌ಗೆ ಸಹಿ ಹಾಕಿದ್ದ ಡಾಕ್ಟರ್ ಶುಕ್ರವಾರವೇ ಕೆಲಸ ಬಿಟ್ಟಿದ್ದರು ಅಂತ ಗೊತ್ತಾಯಿತು. ನನಗೆ ಯಾರೂ ಹೇಳಿರಲಿಲ್ಲ. ಅಗ್ರಿಮೆಂಟ್‌ನಲ್ಲಿ ಬದಲಿ ಡಾಕ್ಟರ್ ಹೆಸರು ಬರೆಯುವ ಜಾಗ ಖಾಲಿ ಇತ್ತು. ಸಹಿ ಹಾಕುವಾಗ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಆ ಕ್ಷಣದಿಂದ ನನ್ನ ಅಧಿಕಾರ ಇಲ್ಲ. ಹೊರಗೆ ರೋಗಿಗಳು ಕೂತಿದ್ದಾರೆ. ಇನ್ಸುಲಿನ್ ಮುಗಿದವರಿದ್ದಾರೆ. ಮ್ಯಾನೇಜರ್, ಸುಮ್ನೆ ಬರೆಯಿರಿ, ಈ ವಾರದೊಳಗೆ ಇನ್ನೊಬ್ಬರನ್ನು ತರುತ್ತೇವೆ ಅಂದರು. ನಾನು ಬರೆಯಲಿಲ್ಲ. ಒಂಬತ್ತು ದಿನ ಬರೆಯಲಿಲ್ಲ. ರೋಗಿಗಳನ್ನು ಪರೀಕ್ಷೆ ಮಾಡಿ, ಔಷಧಿ ಬೇಕಾದವರನ್ನು ಬೇರೆ ಕ್ಲಿನಿಕ್‌ಗೆ, ಕೆಲವರನ್ನು ಅರ್ಜೆಂಟ್ ಕೇರ್‌ಗೆ ಫೋನ್ ಮಾಡಿ ಕಳಿಸಿದೆ. ಎಪ್ಪತ್ತು ವರ್ಷದ ಒಬ್ಬರು ಎರಡು ಬಸ್ ಬದಲಿಸಿ ಹೋಗಬೇಕಾಯಿತು. ಅವರ ಮುಖ ಇವತ್ತಿಗೂ ನೆನಪಿದೆ.

ಅದಕ್ಕೇ ಹೇಳುತ್ತೇನೆ, ಮೊದಲು ಬದಲಿ ಡಾಕ್ಟರ್ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ ಅಂತ ಕೇಳಿ. ಅಗ್ರಿಮೆಂಟ್ ಮುರಿಯುವವರು ಇಷ್ಟು ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು ಅನ್ನುವ ಸಾಲು ಇರಲಿ, 60 ದಿನ ಸಿಕ್ಕರೆ ಒಳ್ಳೆಯದು. ಡಾಕ್ಟರ್‌ಗೆ ಈ ಸಹಿಗಾಗಿ ತಿಂಗಳು ತಿಂಗಳು ಹಣ ಹೋಗುತ್ತದಾ, ಅದನ್ನು ಯಾರು ಕೊಡುತ್ತಾರೆ ಅಂತ ನೇರವಾಗಿ ಕೇಳಿ. ಕ್ಲಿನಿಕ್ ಕೊಡಬೇಕು. ನಿಮ್ಮ ಸಂಬಳದಿಂದ ಕತ್ತರಿಸುತ್ತೇವೆ ಅಂದರೆ ಸಂಬಳದ ಅಂಕಿಯನ್ನು ಮತ್ತೆ ಲೆಕ್ಕ ಹಾಕಿ. ಯಾವ ಬಗೆಯ ಔಷಧಿ ಬರೆಯಬಹುದು, ಯಾವುದು ಬರೆಯಬಾರದು ಅನ್ನುವ ಪಟ್ಟಿ ಅದರಲ್ಲಿ ಇರುತ್ತದೆ. ಕಾನೂನು ಕೊಟ್ಟದ್ದಕ್ಕಿಂತ ಅದು ಚಿಕ್ಕದಾಗಿರಬಹುದು. ಆ ಪಟ್ಟಿಯನ್ನು ಎರಡು ಸಲ ಓದಿ. ತಿಂಗಳ ಭೇಟಿ ನಿಜವಾಗಿ ನಡೆಯುತ್ತದಾ ಅಂತ ಅಲ್ಲಿ ಈಗ ಕೆಲಸ ಮಾಡುತ್ತಿರುವ ಎನ್‌ಪಿಯನ್ನು ಕೇಳಿ. ಸುಮ್ನೆ ಹಾಳೆ ಮೇಲೆ ಸಹಿ ಹಾಕಿ ಕಳಿಸುತ್ತಾರೆ ಅಂದರೆ ಆ ಕೆಲಸ ಬೇಡ. ಬೋರ್ಡ್ ತನಿಖೆಗೆ ಬಂದ ದಿನ ಡಾಕ್ಟರ್ ಜೊತೆ ನಿಮ್ಮ ಲೈಸೆನ್ಸೂ ಹೋಗಬಹುದು.

ಬಿಲ್ ಯಾರ ಹೆಸರಿನಲ್ಲಿ ಹೋಗುತ್ತದೆ ಅಂತಲೂ ಕೇಳಿ. ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) 1998ರಿಂದ ಎನ್‌ಪಿಗಳಿಗೆ ನೇರವಾಗಿ ಹಣ ಕೊಡುತ್ತದೆ, ಆದರೆ ಡಾಕ್ಟರ್ ದರದ ಶೇಕಡಾ 85. ಕೆಲವು ಷರತ್ತು ಪಾಲಿಸಿ ಡಾಕ್ಟರ್ ಹೆಸರಿನಲ್ಲೇ ಬಿಲ್ ಮಾಡಿದರೆ ಪೂರ್ತಿ 100 ಸಿಗುತ್ತದೆ. ಆ ಷರತ್ತು ಪಾಲಿಸದೆ ಹಾಗೆ ಬಿಲ್ ಮಾಡುವ ಜಾಗಗಳಿವೆ. ಅಂಥ ಕಡೆ ನಿಮ್ಮ ಕೆಲಸ ಲೆಕ್ಕದಲ್ಲಿ ಕಾಣುವುದೇ ಇಲ್ಲ, ಮೇಲೆ ತನಿಖೆಯ ಭಯ ಬೇರೆ.

ಈಗ ಕೇಂದ್ರದ ಕಾಗದಗಳು. ಶೆಡ್ಯೂಲ್ ಔಷಧಿ ಬರೆಯಲು ಡಿಇಎ (ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ) ಕೊಡುವ ನಂಬರ್ ಬೇಕು. ನಮ್ಮ ನಂಬರ್ ಎಂ ಅಕ್ಷರದಿಂದ ಶುರುವಾಗುತ್ತದೆ. ಮೂರು ವರ್ಷಕ್ಕೆ 888 ಡಾಲರ್. 2023ರ ಜೂನ್‌ನಿಂದ, ಅರ್ಜಿ ಹಾಕುವಾಗ ವ್ಯಸನ ಚಿಕಿತ್ಸೆಯ ಬಗ್ಗೆ ಎಂಟು ಗಂಟೆ ತರಬೇತಿ ಆಗಿದೆ ಅಂತ ಒಮ್ಮೆ ಹೇಳಬೇಕು. ನಿಮ್ಮ ಕೋರ್ಸ್‌ನಲ್ಲೇ ಅದು ಸೇರಿರಬಹುದು, ಕಾಲೇಜಿನಲ್ಲಿ ವಿಚಾರಿಸಿ. ಮುಖ್ಯವಾದದ್ದು ಇದು: ಈ ನಂಬರ್ ಕೇಂದ್ರದ್ದಾದರೂ ರಾಜ್ಯ ಕೊಟ್ಟದ್ದಕ್ಕಿಂತ ಒಂದು ಇಂಚೂ ಜಾಸ್ತಿ ಕೊಡುವುದಿಲ್ಲ. ಬೇರೆ ರಾಜ್ಯದಲ್ಲಿ ಬರೆಯಬೇಕಾದರೆ ಮತ್ತೊಂದು ನಂಬರ್, ಮತ್ತೊಂದು 888.

ವಿಡಿಯೋ ವಿಷಯಕ್ಕೆ ಬರೋಣ. ನೀವು ಎಲ್ಲಿ ಕೂತಿದ್ದೀರಿ ಅನ್ನುವುದಲ್ಲ ಲೆಕ್ಕ, ರೋಗಿ ಎಲ್ಲಿ ಕೂತಿದ್ದಾರೆ ಅನ್ನುವುದು. ರೋಗಿ ಡಲ್ಲಾಸ್‌ನಲ್ಲಿದ್ದರೆ ನೀವು ಸಿಯಾಟಲ್‌ನ ಮನೆಯಲ್ಲಿ ಕೂತಿದ್ದರೂ ಟೆಕ್ಸಸ್ ಲೈಸೆನ್ಸ್ ಬೇಕು, ಟೆಕ್ಸಸ್‌ನ ಅಗ್ರಿಮೆಂಟ್ ಬೇಕು, ಟೆಕ್ಸಸ್‌ನ ಮಿತಿಗಳು ಅನ್ವಯಿಸುತ್ತವೆ. ನಿಮ್ಮ ಸಿಯಾಟಲ್‌ನ ರೋಗಿ ರಜೆಗೆ ಅಂತ ಟೆಕ್ಸಸ್‌ಗೆ ಹೋಗಿ ಅಲ್ಲಿಂದ ವಿಡಿಯೋ ಕಾಲ್ ಮಾಡಿದರೂ ಸಾಮಾನ್ಯವಾಗಿ ಇದೇ ನಿಯಮ. ಅದಕ್ಕೇ ಪ್ರತಿ ಕಾಲ್‌ನ ಮೊದಲ ಪ್ರಶ್ನೆ ‘ಈಗ ನೀವು ಎಲ್ಲಿದ್ದೀರಿ?’ ಆಗಿರಲಿ. ಉತ್ತರವನ್ನು ಚಾರ್ಟ್‌ನಲ್ಲಿ ಬರೆದಿಡಿ.

ನಿಮಗೆ ಇಲ್ಲಿ ಇನ್ನೊಂದು ಗೊಂದಲ ಆಗಬಹುದು. ಒಂದು ರಾಜ್ಯದ ಆರ್‌ಎನ್ ಲೈಸೆನ್ಸ್ ಮಿಕ್ಕ ರಾಜ್ಯಗಳಲ್ಲೂ ನಡೆಯಲಿ ಅಂತ ಹಲವು ರಾಜ್ಯಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡಿವೆ, ಟೆಕ್ಸಸ್, ವಾಷಿಂಗ್ಟನ್ ಎರಡೂ ಅದರಲ್ಲಿವೆ. ನಿಮ್ಮ ಲೈಸೆನ್ಸ್ ಹಾಗೆ ಬಹುರಾಜ್ಯದ್ದಾಗಿದ್ದರೆ, ಊರು ಬದಲಿಸಿದ 60 ದಿನದೊಳಗೆ ಹೊಸ ರಾಜ್ಯದಲ್ಲಿ ಅರ್ಜಿ ಹಾಕಬೇಕು, ಅಷ್ಟೇ. ಆದರೆ ಆ ಒಪ್ಪಂದ ಆರ್‌ಎನ್ ಕೆಲಸಕ್ಕೆ ಮಾತ್ರ, ಎನ್‌ಪಿ ಕೆಲಸಕ್ಕೆ ಅಲ್ಲ. ಎನ್‌ಪಿಗಳಿಗೆ ಅಂತ ಬೇರೆ ಒಪ್ಪಂದದ ಕರಡು 2020ರಲ್ಲಿ ಬಂದಿದೆ. ಏಳು ರಾಜ್ಯ ಸೇರಿದರೆ ಮಾತ್ರ ಅದು ಶುರುವಾಗುತ್ತದೆ. ಅದನ್ನು ನಂಬಿ ಯೋಜನೆ ಹಾಕಬೇಡಿ. ವಾಷಿಂಗ್ಟನ್‌ಗೆ ಹೊಸದಾಗಿ ಅರ್ಜಿ ಹಾಕಿ, ಲೈಸೆನ್ಸ್ ಕೈಗೆ ಬಂದ ಮೇಲೆ ಕೆಲಸದ ತಾರೀಕು ಒಪ್ಪಿಕೊಳ್ಳಿ.

ಹಾಗಾದರೆ ಡಲ್ಲಾಸ್ ಒಳ್ಳೆಯದಾ, ಸಿಯಾಟಲ್ ಒಳ್ಳೆಯದಾ? ಯಜಮಾನರ ಕೆಲಸ ಖಚಿತವಾದರೆ ನೇರ ವಾಷಿಂಗ್ಟನ್‌ನಲ್ಲೇ ಶುರು ಮಾಡಿ ಅನ್ನುತ್ತೇನೆ. ಅನುಭವಿ ಡಾಕ್ಟರುಗಳು, ಹಳೆಯ ಎನ್‌ಪಿಗಳು ಇರುವ ಸಮುದಾಯ ಆರೋಗ್ಯ ಕೇಂದ್ರ ಹುಡುಕಿ. ಆರು ತಿಂಗಳಿಗೆ ಅಂತ ಟೆಕ್ಸಸ್ ಅಗ್ರಿಮೆಂಟ್‌ಗೆ ಸಹಿ ಹಾಕಿದರೆ ಅದನ್ನು ಮುರಿಯುವ ತಲೆನೋವು ಬೇರೆ. ಕೆಲಸ ಖಚಿತವಾಗದಿದ್ದರೆ ಡಲ್ಲಾಸ್‌ನ ಕೆಲಸ ಖಂಡಿತ ಹಿಡಿಯಿರಿ, ಮೇಲೆ ಹೇಳಿದ್ದನ್ನೆಲ್ಲ ಕೇಳಿಕೊಂಡು.

ನೀವು ಕೇಳದ ಒಂದು ಮಾತು. ಎನ್‌ಪಿ ಆದ ಮೇಲೆ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲೇ ಶುರುವಾಗುತ್ತದೆ. ‘ಮುಂದಿನ ವಾರ ಊರಿಗೆ ಹೊರಟಿದ್ದೀವಿ, ಮಗುವಿಗೆ ಒಂದು ಅಜಿತ್ರೋಮೈಸಿನ್ ಬರೆದುಕೊಡಿ ಅಕ್ಕಾ.’ ಬೇಡ. ಪರೀಕ್ಷೆ ಇಲ್ಲ, ಚಾರ್ಟ್ ಇಲ್ಲ ಅಂದರೆ ಅದು ಚೀಟಿಯೇ ಅಲ್ಲ, ಯಾವ ರಾಜ್ಯದಲ್ಲೂ. ಟೆಕ್ಸಸ್‌ನಲ್ಲಾದರೆ ನಿಮ್ಮ ಡಾಕ್ಟರ್ ಅಧಿಕಾರ ವಹಿಸಿಕೊಟ್ಟದ್ದು ಕ್ಲಿನಿಕ್‌ನ ರೋಗಿಗಳಿಗೆ, ಊಟದ ಸಾಲಿನವರಿಗಲ್ಲ. ನನಗೂ ಮೊದಮೊದಲು ಇಲ್ಲ ಅನ್ನಲು ಕಷ್ಟವಾಯಿತು. ಕ್ಲಿನಿಕ್‌ಗೆ ಬನ್ನಿ, ಊರಿಗೆ ಹೋಗುವ ಮುಂಚಿನ ಲಸಿಕೆ, ಮಲೇರಿಯಾ ಮಾತ್ರೆ ಎಲ್ಲ ಒಟ್ಟಿಗೆ ನೋಡೋಣ ಅಂತ ಹೇಳಲು ಕಲಿತೆ. ಹೆಚ್ಚಿನವರು ಬರುತ್ತಾರೆ.

ಕೊನೆಗೆ ಅಮ್ಮನ ವಿಷಯ. ಹಾಸನದಲ್ಲಿ ನಿಮ್ಮ ಚೀಟಿ ನಡೆಯುವುದಿಲ್ಲ. ನಮ್ಮ ದೇಶದ ಔಷಧಿ ನಿಯಮಗಳ ಪ್ರಕಾರ ಚೀಟಿ ಬರೆಯುವವರು ಇಲ್ಲಿ ನೋಂದಾಯಿಸಿದ ವೈದ್ಯರಾಗಿರಬೇಕು. ಅಮೆರಿಕದ ಯಾವ ರಾಜ್ಯದ ಪೂರ್ಣ ಅಧಿಕಾರವೂ ಇಲ್ಲಿ ಲೆಕ್ಕಕ್ಕಿಲ್ಲ. ಕ್ರಿಟಿಕಲ್ ಕೇರ್‌ನಲ್ಲಿ, ಹೆರಿಗೆ ಸೇವೆಯಲ್ಲಿ ನರ್ಸ್ ಪ್ರಾಕ್ಟೀಷನರ್ ಕೋರ್ಸ್‌ಗಳು ನಮ್ಮಲ್ಲೂ ಬಂದಿವೆ. ಆದರೆ ಅಮೆರಿಕದ ಹಾಗೆ ಸ್ವತಂತ್ರವಾಗಿ ಬರೆಯುವ ಅಧಿಕಾರ ಅವುಗಳ ಜೊತೆ ಬಂದಿಲ್ಲ. 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯಿದೆಯ 32ನೇ ಸೆಕ್ಷನ್‌ನಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಪ್ರಾಥಮಿಕ ಆರೈಕೆಯಲ್ಲಿ ಕೆಲವು ಔಷಧಿ ಬರೆಯುವ ಸೀಮಿತ ಲೈಸೆನ್ಸ್ ಕೊಡಬಹುದು ಅಂತ ಬರೆದಾಗ ಡಾಕ್ಟರುಗಳು ಬೀದಿಗಿಳಿದಿದ್ದರು. ಮಿಸೌರಿಯ ಆ ಜಗಳವೇ ನಮ್ಮೂರಿಗೂ ಬಂದಿದೆ ಅಂತ ನನಗೆ ಆಗ ಅನಿಸಿತು.

ಅಮ್ಮನಿಗೆ ನೀವು ಮಾಡಬಹುದಾದದ್ದು ಬೇರೆ ಇದೆ. ಅವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಒಂದೇ ಔಷಧಿ ಎರಡು ಬ್ರ್ಯಾಂಡ್ ಹೆಸರಿನಲ್ಲಿ ಎರಡು ಡಾಕ್ಟರುಗಳಿಂದ ಬಂದಿದೆಯಾ ನೋಡಿ. ನಮ್ಮ ಅಮ್ಮನ ಡಬ್ಬಿಯಲ್ಲಿ ನನಗೆ ಹಾಗೆ ಎರಡು ಆಮ್ಲೋಡಿಪಿನ್ ಸಿಕ್ಕಿದ್ದವು. ಹೆಸರು, ಡೋಸ್, ಹೊತ್ತು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಅದನ್ನು ಹಿಡಿದುಕೊಂಡು ಅವರ ಡಾಕ್ಟರ್ ಹತ್ತಿರ ನೀವೇ ಜೊತೆಗೆ ಹೋಗಿ ಬನ್ನಿ.